ನಿಮಗಿದು ಗೊತ್ತೇ? ಎಸ್‌ಯುವಿಯ ನಾಲ್ಕು ಚಕ್ರದ ಒಳಗುಟ್ಟು

ಮಾರುತಿಯ ಜಿಮ್ನಿ ಮತ್ತು ಗ್ರ್ಯಾಂಡ್ ವಿಟಾರಾ ಒಂದೇ ನೆಕ್ಸಾ ಶೋರೂಮಿನಲ್ಲಿ ಮಾರಾಟಕ್ಕೆ ನಿಂತವು. ಎರಡರ ನಾಲ್ಕು ಚಕ್ರದ ವ್ಯವಸ್ಥೆಗೂ ‘ಆಲ್‌ಗ್ರಿಪ್’ ಎಂದೇ ಹೆಸರು. ಆದರೆ ಜಿಮ್ನಿಯಲ್ಲಿರುವುದು ‘ಆಲ್‌ಗ್ರಿಪ್ ಪ್ರೊ’: ಗೇರ್ ಲಿವರಿನ ಪಕ್ಕದಲ್ಲಿ ಇನ್ನೊಂದು ಲಿವರ್, ಅದನ್ನು ಎಳೆದರೆ ಮುಂದಿನ ಮತ್ತು ಹಿಂದಿನ ಚಕ್ರಗಳು ಒಂದಕ್ಕೊಂದು ಗಟ್ಟಿಯಾಗಿ ಬೆಸೆದುಕೊಳ್ಳುತ್ತವೆ. ಗ್ರ್ಯಾಂಡ್ ವಿಟಾರಾಕ್ಕೆ ಬಂದದ್ದು ‘ಆಲ್‌ಗ್ರಿಪ್ ಸೆಲೆಕ್ಟ್’: ಅಲ್ಲಿ ಲಿವರ್ ಇಲ್ಲ, ಆಟೋ, ಸ್ಪೋರ್ಟ್, ಸ್ನೋ, ಲಾಕ್ ಎಂಬ ನಾಲ್ಕು ಗುರುತಿನ ತಿರುಗಣೆ. ದಿನನಿತ್ಯದ ದುಡಿಮೆಯೆಲ್ಲ ಮುಂದಿನ ಚಕ್ರಗಳದ್ದು, ಹಿಂದಿನವು ಕರೆದಾಗ ಮಾತ್ರ ಬಂದು ಕೈಜೋಡಿಸುತ್ತವೆ. ಹೆಸರು ಒಂದೇ ಆದರೂ ಒಳಗಿನ ಯಂತ್ರಕ್ಕೆ ಸಂಬಂಧವೇ ಇಲ್ಲ. ಗಾಡಿಯ ಹಿಂಬದಿಯ ಬಿಲ್ಲೆ ನೋಡಿ ಕೊಳ್ಳುವವರಿಗೆ ಇದನ್ನು ಮೊದಲೇ ಹೇಳುವವರು ಕಡಿಮೆ.

ಅಂದಹಾಗೆ, ಆ ಗ್ರ್ಯಾಂಡ್ ವಿಟಾರಾ 2022ರಲ್ಲಿ ಬಂದಾಗ ತಯಾರಾದದ್ದು ಮಾರುತಿಯ ಕಾರ್ಖಾನೆಯಲ್ಲಲ್ಲ, ನಮ್ಮ ಬಿಡದಿಯ ಟೊಯೋಟಾ ಕಾರ್ಖಾನೆಯಲ್ಲಿ. ಅದರ ಅವಳಿ, ಟೊಯೋಟಾದ ಅರ್ಬನ್ ಕ್ರೂಸರ್ ಹೈರೈಡರ್ ಕೂಡ ಅಲ್ಲಿಯದೇ.

ಮೊದಲು ಡಿಫರೆನ್ಷಿಯಲ್

ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಓಡಬೇಕು, ಒಳಗಿನದು ಕಡಿಮೆ. ಒಂದೇ ಎಂಜಿನ್ ಎರಡನ್ನೂ ತಿರುಗಿಸುತ್ತಾ ಈ ವ್ಯತ್ಯಾಸಕ್ಕೂ ಎಡೆಕೊಡುವ ಗೇರುಗಳ ಗುಚ್ಛವೇ ಡಿಫರೆನ್ಷಿಯಲ್. ಫ್ರಾನ್ಸಿನ ಒನೆಸಿಫೋರ್ ಪೆಕ್ಯೂರ್ ಇದಕ್ಕೆ 1820ರ ದಶಕದ ಕೊನೆಯಲ್ಲೇ ಪೇಟೆಂಟ್ ಪಡೆದಿದ್ದ, ಅದೂ ಉಗಿಬಂಡಿಗಾಗಿ. ಪೆಟ್ರೋಲ್ ಕಾರು ಹುಟ್ಟಲು ಇನ್ನೂ ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲವಿತ್ತು.

ಕೆಸರಿನಲ್ಲಿ ಒಂದು ಚಕ್ರ ಗಿರ್ರನೆ ತಿರುಗುತ್ತಾ ಇನ್ನೊಂದು ಅಲ್ಲಾಡದೆ ನಿಂತಾಗ, ‘ಬಲವೆಲ್ಲ ಜಾರುವ ಚಕ್ರಕ್ಕೇ ಹೋಗುತ್ತಿದೆ’ ಎನ್ನುತ್ತೇವೆ. ನಿಜವಾಗಿ ಆಗುವುದು ಬೇರೆ. ಮಾಮೂಲಿ ಡಿಫರೆನ್ಷಿಯಲ್ ಎರಡೂ ಕಡೆಗೆ ಯಾವಾಗಲೂ ಸಮಸಮನಾದ ಟಾರ್ಕ್, ಅಂದರೆ ತಿರುಗಿಸುವ ಬಲ, ಕೊಡುತ್ತದೆ. ಜಾರುವ ಚಕ್ರಕ್ಕೆ ನೆಲ ಎದುರು ನಿಲ್ಲುವುದಿಲ್ಲವಾದ್ದರಿಂದ ಅದನ್ನು ತಿರುಗಿಸಲು ಅತ್ಯಲ್ಪ ಟಾರ್ಕ್ ಸಾಕು. ಗಟ್ಟಿ ನೆಲದ ಮೇಲಿರುವ ಚಕ್ರಕ್ಕೂ ಅಷ್ಟೇ ಅಲ್ಪ ಸಿಗುತ್ತದೆ, ಅದರಿಂದ ಗಾಡಿ ಅಲ್ಲಾಡುವುದಿಲ್ಲ. ನಾಲ್ಕು ಚಕ್ರದ ಎಲ್ಲ ವ್ಯವಸ್ಥೆಗಳೂ ಈ ಒಂದು ಕಟ್ಟಿನಿಂದ ಬಿಡಿಸಿಕೊಳ್ಳಲು ಮನುಷ್ಯ ಹುಡುಕಿಕೊಂಡ ದಾರಿಗಳೇ. ಇದು ತಲೆಗೆ ಹತ್ತಿದರೆ ಮುಂದಿನದೆಲ್ಲ ಸಲೀಸು.

ಒಂದು ಗಾಡಿಗೆ ಮುಂದೊಂದು, ಹಿಂದೊಂದು, ನಡುವೊಂದು ಎಂದು ಮೂರು ಮಾಮೂಲಿ ಡಿಫರೆನ್ಷಿಯಲ್ ಕೊಟ್ಟು ಬೇರೇನೂ ಕೊಡದಿದ್ದರೆ, ನಾಲ್ಕರಲ್ಲಿ ಒಂದೇ ಒಂದು ಚಕ್ರ ಗಾಳಿಯಲ್ಲಿ ತೇಲಿದರೂ ಸಾಕು, ಉಳಿದ ಮೂರೂ ಕೈಚೆಲ್ಲುತ್ತವೆ. ನಾಲ್ಕು ಚಕ್ರಕ್ಕೂ ಶಾಫ್ಟ್ ಹೋಗಿರುವುದು ಬೇರೆ, ನಾಲ್ಕು ಚಕ್ರವೂ ಗಾಡಿ ಎಳೆಯುವುದು ಬೇರೆ.

ಡಾಂಬರಿನ ಮೇಲೆ 4ಎಚ್ ಏಕೆ ಬೇಡ?

ಜಿಮ್ನಿ, ಥಾರ್, ಸ್ಕಾರ್ಪಿಯೊ-ಎನ್, ಈಗಿನ ಫಾರ್ಚುನರ್, ಹಳೆಯ ಜಿಪ್ಸಿ ಇವೆಲ್ಲ ‘ಪಾರ್ಟ್ ಟೈಮ್’ ಬಗೆಯವು. ಇವುಗಳಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲಿನ ನಡುವೆ ಡಿಫರೆನ್ಷಿಯಲ್ ಇಲ್ಲವೇ ಇಲ್ಲ. ಲಿವರ್ ಅಥವಾ ತಿರುಗಣೆ 2ಎಚ್ ಗುರುತಿನಲ್ಲಿದ್ದರೆ ಹಿಂದಿನ ಚಕ್ರಗಳು ಮಾತ್ರ ದುಡಿಯುತ್ತವೆ. 4ಎಚ್‌ಗೆ ಹಾಕಿದರೆ, ಬಲವನ್ನು ಮುಂದಕ್ಕೂ ಹಿಂದಕ್ಕೂ ಕಳಿಸುವ ಟ್ರಾನ್ಸ್‌ಫರ್ ಕೇಸಿನೊಳಗೆ ಎರಡೂ ಶಾಫ್ಟುಗಳು ಹಲ್ಲಿಗೆ ಹಲ್ಲು ಕಚ್ಚಿಕೊಂಡು ಒಂದೇ ವೇಗದಲ್ಲಿ ತಿರುಗಬೇಕು.

ಸಣ್ಣ ಲೆಕ್ಕ ಮಾಡಿ ನೋಡೋಣ. ಮುಂದಿನ ಆಕ್ಸಲಿಗೂ ಹಿಂದಿನದಕ್ಕೂ 2.7 ಮೀಟರ್ ಅಂತರವಿರುವ ಗಾಡಿ ಒಂದು ಸುತ್ತು ಬಳಸಿ ತಿರುಗುತ್ತಿದೆ ಎನ್ನಿ. ಹಿಂದಿನ ಆಕ್ಸಲಿನ ನಡುಬಿಂದು 5 ಮೀಟರ್ ತ್ರಿಜ್ಯದ ವೃತ್ತ ಎಳೆದರೆ, ಮುಂದಿನದು ಸುಮಾರು 5.7 ಮೀಟರ್ ತ್ರಿಜ್ಯದ ವೃತ್ತ ಎಳೆಯುತ್ತದೆ. ಪೂರ್ತಿ ಒಂದು ಸುತ್ತಿಗೆ ಮುಂದಿನ ಚಕ್ರಗಳು 4 ಮೀಟರಿಗಿಂತ ಹೆಚ್ಚು ಜಾಸ್ತಿ ಓಡಬೇಕು, ಅಂದರೆ ಸರಿಸುಮಾರು ಎರಡು ಉರುಳು ಹೆಚ್ಚು. ಆದರೆ 4ಎಚ್‌ನಲ್ಲಿ ಅವಕ್ಕೆ ಹಾಗೆ ಹೆಚ್ಚು ಉರುಳಲು ಅನುಮತಿಯೇ ಇಲ್ಲ. ಕೆಸರು, ಮರಳು, ಜಲ್ಲಿಯ ಮೇಲಾದರೆ ಟೈರು ಅಷ್ಟಿಷ್ಟು ಜಾರಿ ಲೆಕ್ಕ ಚುಕ್ತಾ ಮಾಡಿಕೊಳ್ಳುತ್ತದೆ. ಒಣ ಡಾಂಬರು ಜಾರಲು ಬಿಡುವುದಿಲ್ಲ. ಆಗ ಒದ್ದೆ ಬಟ್ಟೆ ಹಿಂಡಿದ ಹಾಗೆ ಶಾಫ್ಟುಗಳು ತಿರುಚಿಕೊಳ್ಳುತ್ತಾ ಹೋಗುತ್ತವೆ. ಸ್ಟೀರಿಂಗ್ ಭಾರವಾಗುತ್ತದೆ, ಬ್ರೇಕ್ ಹಿಡಿದಂತೆ ಗಾಡಿ ತಡವರಿಸುತ್ತದೆ, ಟೈರು ಕಿರುಗುಟ್ಟಿ ಒಮ್ಮೆಲೇ ಜಿಗಿಯುತ್ತದೆ. ಹೀಗೇ ಓಡಿಸುತ್ತಾ ಹೋದರೆ ಟ್ರಾನ್ಸ್‌ಫರ್ ಕೇಸಿನ ಚೈನೋ ಗೇರೋ ಕೈಕೊಡುತ್ತದೆ.

ಇಂಥ ಹೊತ್ತಿನಲ್ಲಿ ಲಿವರ್ ಎಳೆದರೂ 2ಎಚ್‌ಗೆ ಬಾರದೆ ಹಟ ಹಿಡಿಯುವುದುಂಟು. ಬಲವಂತ ಮಾಡಬೇಡಿ. ಸ್ಟೀರಿಂಗ್ ನೇರ ಮಾಡಿ ಕೆಲವು ಮೀಟರ್ ಹಿಂದಕ್ಕೆ ಬನ್ನಿ. ಶಾಫ್ಟಿನ ತಿರುಚು ಬಿಚ್ಚಿಕೊಂಡು ಲಿವರ್ ತಾನಾಗಿ ಸಡಿಲಾಗುತ್ತದೆ.

‘ಮಳೆ ಬರುತ್ತಿದೆ, ಘಾಟಿಯಲ್ಲಿ 4ಎಚ್ ಹಾಕಿಕೊಂಡು ಹೋದರೆ ಭದ್ರ’ ಎಂಬ ಸಲಹೆ ಪಾರ್ಟ್ ಟೈಮ್ ಗಾಡಿಗೆ ಹೊಂದುವುದಿಲ್ಲ. ಆಗುಂಬೆಯ ಹೇರ್‌ಪಿನ್ ತಿರುವಿನಲ್ಲಿ ಒದ್ದೆಯಾಗಿದ್ದರೂ ಗಟ್ಟಿ ರಸ್ತೆ ಗಟ್ಟಿಯೇ. ಅಲ್ಲಿ ಮುಂದಿನ ಚಕ್ರಗಳು ತಿರುಗಲು ಒಪ್ಪದೆ ಗಾಡಿ ತಿರುವಿನ ಹೊರಕ್ಕೆ ದೂಡಿಕೊಂಡು ಹೋಗುವ ಅಪಾಯವಿದೆ. ಈ ಒಂದು ಮಾತನ್ನು ಪ್ರತಿ ಹೊಸ ಥಾರ್ ಮಾಲೀಕರಿಗೂ ಕೀಲಿ ಕೊಡುವಾಗಲೇ ಹೇಳಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ.

ಫಾರ್ಚುನರ್ ಕಥೆ ಸ್ವಲ್ಪ ವಿಚಿತ್ರ. ಭಾರತಕ್ಕೆ 2009ರಲ್ಲಿ ಬಂದ ಮೊದಲ ಫಾರ್ಚುನರ್ 4×4ನಲ್ಲಿ ನಡುವೆ ಡಿಫರೆನ್ಷಿಯಲ್ ಇದ್ದು, ನಾಲ್ಕೂ ಚಕ್ರ ಸದಾ ದುಡಿಯುತ್ತಿದ್ದವು. ಡಾಂಬರಿನ ಮೇಲೆ ನಿಶ್ಚಿಂತೆ. 2016ರ ಎರಡನೇ ಪೀಳಿಗೆಯಲ್ಲಿ ಟೊಯೋಟಾ ಅದನ್ನು ಬಿಟ್ಟು ಪಾರ್ಟ್ ಟೈಮ್‌ಗೆ ಇಳಿಯಿತು. ಹಳೆಯ ಫಾರ್ಚುನರ್ ಓಡಿಸಿ ರೂಢಿಯಾದವರು ಹೊಸದರಲ್ಲಿ 4ಎಚ್ ತಿರುಗಣೆ ಮುಟ್ಟುವ ಮುನ್ನ ಈ ವ್ಯತ್ಯಾಸ ನೆನಪಿಡಬೇಕು.

ಬೆರಳಲ್ಲಿ ತಿರುಗಿಸುವ ಬೀಗ

ಪಾರ್ಟ್ ಟೈಮ್ ಗಾಡಿ 2ಎಚ್‌ನಲ್ಲಿ ಓಡುವಾಗ ಮುಂದಿನ ಚಕ್ರಗಳು ರಸ್ತೆಯ ಜೊತೆ ಉರುಳುತ್ತಾ ತಮ್ಮ ಆಕ್ಸಲ್, ಡಿಫರೆನ್ಷಿಯಲ್, ಮುಂದಿನ ಶಾಫ್ಟ್ ಎಲ್ಲವನ್ನೂ ಸುಮ್ಮನೆ ತಿರುಗಿಸುತ್ತಿರುತ್ತವೆ. ಡೀಸೆಲ್ಲೂ ದಂಡ, ಸವೆತವೂ ದಂಡ. ಅಮೆರಿಕದಲ್ಲಿ ಎರಡನೇ ಮಹಾಯುದ್ಧದ ಉಳಿಕೆ ಜೀಪುಗಳು ರೈತರ ಕೈಗೆ ಬಂದಾಗ ವಾರ್ನ್ ಕಂಪನಿ 1948ರಲ್ಲಿ ಲಾಕಿಂಗ್ ಹಬ್ ತಯಾರಿಸಿ ಇದಕ್ಕೆ ಪರಿಹಾರ ಕೊಟ್ಟಿತು. ಚಕ್ರದ ನಟ್ಟನಡುವೆ ಒಂದು ಗುಂಡು ಬಿರಡೆ. ತಿರುಗಿಸಿದರೆ ಚಕ್ರ ಆಕ್ಸಲಿಗೆ ಕಚ್ಚಿಕೊಳ್ಳುತ್ತದೆ, ಹಿಂದಕ್ಕೆ ತಿರುಗಿಸಿದರೆ ಬಿಟ್ಟುಕೊಂಡು ಸುಮ್ಮನೆ ಉರುಳುತ್ತದೆ.

ನಮ್ಮ ಮಲೆನಾಡಿನಲ್ಲಿ ಇಂಥ ಹಬ್ ಇರುವ ಹಳೆಯ ಗಾಡಿಯ ಚಾಲಕರ ರೀತಿ ನೋಡಬೇಕು. ಏರು ಶುರುವಾಗುವಲ್ಲಿ ಗಾಡಿ ನಿಲ್ಲಿಸಿ ಮಳೆಯಲ್ಲೇ ಇಳಿಯುತ್ತಾರೆ. ಎಡಗಡೆ ಚಕ್ರದ ಮೇಲಿನ ಕೆಸರನ್ನು ಅಂಗೈಯಲ್ಲಿ ಒರೆಸಿ, ಬಿರಡೆಯನ್ನು ಎರಡು ಬೆರಳಲ್ಲಿ ಹಿಡಿದು ಗುರುತು ಕೂಡುವವರೆಗೆ ತಿರುಗಿಸುತ್ತಾರೆ. ಸುತ್ತಿ ಬಂದು ಬಲಗಡೆಯದನ್ನೂ ಹಾಗೇ. ಒಂದು ಕಡೆ ಮರೆತರೆ ಮುಂದಿನ ಆಕ್ಸಲ್ ಪೂರ್ತಿ ನಿರುಪಯೋಗಿ. ಕಾರಣ ಮತ್ತೆ ಅದೇ ಡಿಫರೆನ್ಷಿಯಲ್: ಬೀಗ ಹಾಕದ ಕಡೆಯ ಆಕ್ಸಲ್ ತುಂಡಿಗೆ ಎದುರು ನಿಲ್ಲುವ ಭಾರವೇ ಇಲ್ಲ, ಹೀಗಾಗಿ ಇನ್ನೊಂದು ಕಡೆಗೂ ಟಾರ್ಕ್ ಇಲ್ಲ.

ಈಗಿನ ಜಿಮ್ನಿಯಲ್ಲಿ ಕೆಳಗಿಳಿಯಬೇಕಿಲ್ಲ. ಎಂಜಿನ್ನಿನ ನಿರ್ವಾತ ಎಳೆತವೇ ನಳಿಕೆಯ ಮೂಲಕ ಹೋಗಿ ಹಬ್ ಕಚ್ಚಿಸುತ್ತದೆ.

1948ರ ಮೊದಲ ಲ್ಯಾಂಡ್ ರೋವರ್‌ನಲ್ಲಿ ಚಾಲಕನ ಕಾಲ ಬಳಿ ಒಂದು ಉಂಗುರವಿತ್ತು. ಆ ಗಾಡಿಯ ನಾಲ್ಕು ಚಕ್ರಕ್ಕೂ ಸದಾ ಬಲ ಹೋಗುತ್ತಿತ್ತು. ತಿರುವಿನಲ್ಲಿ ಮುಂದಿನ ಚಕ್ರಗಳು ಓಡಿ ಮುಂದಾಗಲು ನಡುವೆ ಸೈಕಲ್ಲಿನ ಫ್ರೀವೀಲಿನಂಥ ಭಾಗ ಇಟ್ಟಿದ್ದರು. ಉಂಗುರ ಎಳೆದರೆ ಅದಕ್ಕೆ ಬೀಗ. ಕೆಲವೇ ವರ್ಷಗಳಲ್ಲಿ ಕಂಪನಿ ಈ ಏರ್ಪಾಡು ಕೈಬಿಟ್ಟು ಸರಳ ಪಾರ್ಟ್ ಟೈಮ್ ಪದ್ಧತಿಗೆ ಬಂತು.

ಟ್ರ್ಯಾಕ್ಟರ್ ಸಾಹೇಬರ ಕಾರು

ಮ್ಯಾಸಿ ಫರ್ಗ್ಯುಸನ್ ಟ್ರ್ಯಾಕ್ಟರ್ ನೋಡದ ರೈತರು ನಮ್ಮಲ್ಲಿ ವಿರಳ. ಆ ಹೆಸರಿನ ಹ್ಯಾರಿ ಫರ್ಗ್ಯುಸನ್ ಐರ್ಲೆಂಡಿನವರು. ಟ್ರ್ಯಾಕ್ಟರಿನ ಹಿಂದೆ ನೇಗಿಲು ಸಿಕ್ಕಿಸುವ ಮೂರು ಬಿಂದುವಿನ ಜೋಡಣೆಯನ್ನು ಜಗತ್ತಿಗೆ ಕೊಟ್ಟವರು. ಅವರ ಕೊನೆಯ ಹಂಬಲ ಬೇರೆಯೇ ಇತ್ತು: ಪ್ರತಿ ಮನೆಯ ಕಾರಿಗೂ ನಾಲ್ಕು ಚಕ್ರದ ಬಲ ಕೊಡಬೇಕು, ಅದರಿಂದ ರಸ್ತೆ ಸುರಕ್ಷಿತವಾಗಬೇಕು. ಅದನ್ನು ಸಾಬೀತು ಮಾಡಲೆಂದೇ ಅವರ ಸಂಸ್ಥೆ ಪಿ99 ಎಂಬ ರೇಸ್ ಕಾರು ಕಟ್ಟಿತು. ಫರ್ಗ್ಯುಸನ್ 1960ರ ಅಕ್ಟೋಬರಿನಲ್ಲಿ ತೀರಿಕೊಂಡರು. ಮರುವರ್ಷ ಇಂಗ್ಲೆಂಡಿನ ಔಲ್ಟನ್ ಪಾರ್ಕಿನಲ್ಲಿ ಸ್ಟರ್ಲಿಂಗ್ ಮಾಸ್ ಅದೇ ಕಾರು ಓಡಿಸಿ ಗೋಲ್ಡ್ ಕಪ್ ಗೆದ್ದರು. ಚಾಂಪಿಯನ್‌ಶಿಪ್ಪಿಗೆ ಸೇರದ ಪಂದ್ಯವಾದರೂ, ಫಾರ್ಮುಲಾ ಒನ್ ಪಂದ್ಯವೊಂದನ್ನು ನಾಲ್ಕು ಚಕ್ರದ ಕಾರು ಗೆದ್ದದ್ದು ಅದೊಂದೇ ಸಲ.

ಅದೇ ಫರ್ಗ್ಯುಸನ್ ವಿದ್ಯೆ 1966ರಲ್ಲಿ ಜೆನ್ಸನ್ ಎಫ್‌ಎಫ್ ಎಂಬ ಐಷಾರಾಮಿ ಕಾರಿಗೆ ಬಂತು. ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಬ್ರೇಕನ್ನೂ ಡನ್‌ಲಪ್‌ನ ವಿಮಾನ ತಂತ್ರದಿಂದ ತಂದು ಜೋಡಿಸಿದ್ದರು. ಕಾಡುಮೇಡಿಗಲ್ಲದೆ ಕೇವಲ ಡಾಂಬರು ರಸ್ತೆಗೆಂದು ಮಾಡಿದ ಕಾರಿನಲ್ಲಿ ಇವೆರಡೂ ಒಟ್ಟಿಗೆ ಬಂದದ್ದು ಅದೇ ಮೊದಲು. ತಯಾರಾದದ್ದು ಮಾತ್ರ ಸುಮಾರು 320.

ಎಣ್ಣೆಯೇ ಕ್ಲಚ್

ಫರ್ಗ್ಯುಸನ್ ಬಳಗದಿಂದಲೇ ಬಳಕೆಗೆ ಬಂದ ಇನ್ನೊಂದು ಸಾಧನ ವಿಸ್ಕಸ್ ಕಪ್ಲಿಂಗ್. ಇಡೀ ವಾಹನಲೋಕದಲ್ಲಿ ನನಗೆ ಅತ್ಯಂತ ಅಚ್ಚರಿ ತರುವ ವಸ್ತು ಇದೇ. ಮುಚ್ಚಿದ ಡಬ್ಬಿ, ಒಳಗೆ ತೂತು ಕೊರೆದ ತೆಳು ಉಕ್ಕಿನ ತಟ್ಟೆಗಳ ಸಾಲು. ಒಂದು ಬಿಟ್ಟು ಒಂದು ತಟ್ಟೆ ಮುಂದಿನ ಶಾಫ್ಟಿಗೆ ಸೇರಿದ್ದು, ನಡುವಿನವು ಹಿಂದಿನ ಶಾಫ್ಟಿಗೆ. ತಟ್ಟೆ ತಟ್ಟೆಗೆ ತಾಗುವುದಿಲ್ಲ. ಸಂದಿನಲ್ಲೆಲ್ಲ ದಪ್ಪ ಸಿಲಿಕೋನ್ ದ್ರವ. ಮುಂದಿನ ಹಿಂದಿನ ಚಕ್ರಗಳು ಒಂದೇ ವೇಗದಲ್ಲಿದ್ದರೆ ಒಳಗೆ ಏನೂ ನಡೆಯುವುದಿಲ್ಲ. ಮುಂದಿನವು ಜಾರಿ ಓಡತೊಡಗಿದರೆ ತಟ್ಟೆಗಳು ದ್ರವವನ್ನು ಕೊಯ್ಯುತ್ತಾ ತಿರುಗುತ್ತವೆ, ದ್ರವ ಬಿಸಿಯೇರಿ ಹಿಗ್ಗುತ್ತದೆ, ಒತ್ತಡ ಹೆಚ್ಚಿ ಕೊನೆಗೆ ತಟ್ಟೆಗಳೇ ಒಂದಕ್ಕೊಂದು ಒತ್ತಿಕೊಂಡು ಬಲವನ್ನು ಹಿಂದಕ್ಕೆ ದಾಟಿಸುತ್ತವೆ. ತಂತಿ ಇಲ್ಲ, ಸೆನ್ಸರ್ ಇಲ್ಲ, ಕಂಪ್ಯೂಟರ್ ಇಲ್ಲ. ದೋಷ ಒಂದೇ: ಚಕ್ರ ಜಾರಿದ ಮೇಲೆಯೇ ಅದಕ್ಕೆ ಎಚ್ಚರ.

ಹೋಂಡಾದವರು ಸಿಆರ್-ವಿಯ ಮೊದಲ ಪೀಳಿಗೆಯಲ್ಲಿ ಇನ್ನೊಂದು ಉಪಾಯ ಹೂಡಿದರು. ಮುಂದಿನ ಚಕ್ರಗಳಿಂದ ಓಡುವ ಎಣ್ಣೆಪಂಪು ಒಂದು, ಹಿಂದಿನ ಚಕ್ರಗಳಿಂದ ಓಡುವುದು ಇನ್ನೊಂದು. ಎರಡೂ ಒಂದೇ ವೇಗದಲ್ಲಿದ್ದರೆ ಒಂದು ಕೊಟ್ಟದ್ದನ್ನು ಇನ್ನೊಂದು ಹೀರಿಕೊಳ್ಳುತ್ತದೆ. ಮುಂದಿನದು ಜಾರಿದರೆ ಎಣ್ಣೆ ಹೆಚ್ಚಾಗಿ ಒತ್ತಡ ಏಳುತ್ತದೆ, ಆ ಒತ್ತಡವೇ ಕ್ಲಚ್ಚನ್ನು ಒತ್ತುತ್ತದೆ.

ಸ್ವೀಡನ್ನಿನ ಹಾಲ್ಡೆಕ್ಸ್ ಈ ದಾರಿಯಲ್ಲಿ ದೊಡ್ಡ ಹೆಜ್ಜೆ. 1998ರಲ್ಲಿ ಫೋಕ್ಸ್‌ವ್ಯಾಗನ್ ಬಳಗದ ಕಾರುಗಳಿಗೆ ಬಂತು. ಎಣ್ಣೆಯಲ್ಲಿ ಮುಳುಗಿದ ಬಹುತಟ್ಟೆಯ ಕ್ಲಚ್, ಅದನ್ನು ಎಷ್ಟು ಒತ್ತಬೇಕೆಂದು ಹೇಳಲು ಕಂಪ್ಯೂಟರ್. ನಂತರದ ಪೀಳಿಗೆಗಳಲ್ಲಿ ವಿದ್ಯುತ್ ಪಂಪು ಮೊದಲೇ ಒತ್ತಡ ತುಂಬಿಡುವುದರಿಂದ, ಚಕ್ರ ಜಾರುವವರೆಗೆ ಕಾಯುವ ಗೋಜಿಲ್ಲ. ನೀವು ಆಕ್ಸಿಲರೇಟರ್ ಜೋರಾಗಿ ತುಳಿದೊಡನೆಯೇ ಹಿಂದಿನ ಚಕ್ರಗಳಿಗೆ ಪಾಲು ಹೋಗಿರುತ್ತದೆ. ಇಂದಿನ ಬಹುಪಾಲು ಎಡಬ್ಲ್ಯುಡಿ (ಆಲ್ ವೀಲ್ ಡ್ರೈವ್) ಎಸ್‌ಯುವಿಗಳು ಈ ತತ್ವದ ಮೇಲೆಯೇ ನಡೆಯುತ್ತವೆ. ಬಿಎಂಡಬ್ಲ್ಯು ಎಕ್ಸ್‌ಡ್ರೈವ್‌ನಲ್ಲೂ ಬಹುತಟ್ಟೆಯ ಕ್ಲಚ್ಚೇ, ಆದರೆ ಅಲ್ಲಿ ಹೆಚ್ಚಿನ ಮಾದರಿಗಳಲ್ಲಿ ಮೂಲಬಲ ಹಿಂದಿನ ಚಕ್ರಕ್ಕೆ, ಪಾಲು ಮುಂದಕ್ಕೆ.

ಕ್ಲಚ್ ಎಂದ ಮೇಲೆ ಕಾವು ಇದ್ದೇ ಇದೆ. ದಪ್ಪ ಮರಳಿನಲ್ಲಿ ಹತ್ತಾರು ನಿಮಿಷ ಒದ್ದಾಡಿಸಿದರೆ ಅದು ಕಾದು ಹೋಗುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆ ಮೂಡಿ, ಕಂಪ್ಯೂಟರ್ ತನ್ನನ್ನು ಉಳಿಸಿಕೊಳ್ಳಲು ಹಿಂದಿನ ಚಕ್ರಗಳನ್ನು ಬಿಟ್ಟುಬಿಡುತ್ತದೆ. ಗಾಡಿ ಕೆಟ್ಟಿತೆಂದು ಗಾಬರಿ ಬೇಡ, ಆರಲು ಬಿಡಿ. ‘ಲಾಕ್’ ಗುಂಡಿಯೂ ಇದೇ ಕ್ಲಚ್ಚನ್ನು ಬಿಗಿಯಾಗಿ ಒತ್ತಿಹಿಡಿಯುವುದಷ್ಟೆ. ಜಿಮ್ನಿಯ ಉಕ್ಕಿನ ಹಲ್ಲಿನ ಕಚ್ಚುವಿಕೆಗೂ ಇದಕ್ಕೂ ಹೋಲಿಕೆಯಿಲ್ಲ. ವೇಗ ಹೆಚ್ಚಿದರೆ ಅನೇಕ ಗಾಡಿಗಳಲ್ಲಿ ಲಾಕ್ ತಾನಾಗಿ ಬಿಟ್ಟುಕೊಳ್ಳುತ್ತದೆ.

ಲೋ ಗೇರಿನ ಬಲ

ಥಾರ್‌ನಲ್ಲಿ 4ಎಲ್, ಅಂದರೆ ನಾಲ್ಕು ಚಕ್ರದ ಲೋ ಗೇರ್, ಹಾಕಿದರೆ ಚಕ್ರಕ್ಕೆ ಸಿಗುವ ಟಾರ್ಕ್ ಸುಮಾರು ಎರಡೂವರೆ ಪಟ್ಟು, ವೇಗ ಅಷ್ಟೇ ಪಾಲು ಕಡಿಮೆ. ಜಿಮ್ನಿಯಲ್ಲಿ ಸುಮಾರು ಎರಡು ಪಟ್ಟು. ಏರಿನಲ್ಲಿ ಇದರ ಉಪಯೋಗ ಎಲ್ಲರಿಗೂ ಗೊತ್ತು. ಇಳಿಜಾರಿನಲ್ಲಿ ಇನ್ನೂ ಹೆಚ್ಚು. 4ಎಲ್ ಒಂದನೇ ಗೇರಿನಲ್ಲಿ ಕಾಲನ್ನು ಎಲ್ಲ ಪೆಡಲಿನಿಂದ ತೆಗೆದರೂ ಎಂಜಿನ್ ಗಾಡಿಯನ್ನು ಹಿಡಿದು ಇಳಿಸುತ್ತದೆ. ಕೊಡಚಾದ್ರಿ, ಮಾಂದಲಪಟ್ಟಿಯ ಜೀಪು ಚಾಲಕರು ಬ್ರೇಕಿಗಿಂತ ಗೇರನ್ನೇ ನೆಚ್ಚುವುದು ಇದಕ್ಕೇ.

2ಎಚ್‌ನಿಂದ 4ಎಚ್‌ಗೆ ಓಡುತ್ತಿರುವಾಗಲೇ ಹೋಗಬಹುದಾದ ಗಾಡಿಗಳಲ್ಲೂ 4ಎಲ್‌ಗೆ ನಿಲ್ಲಿಸಿಯೇ ಹೋಗಬೇಕು.

2014ರಲ್ಲಿ ಬಂದ ರೆನೋ ಡಸ್ಟರ್ ಎಡಬ್ಲ್ಯುಡಿಯಲ್ಲಿ ಲೋ ಗೇರ್ ಪೆಟ್ಟಿಗೆ ಇರಲಿಲ್ಲ. ಅದರ ಬದಲು ಎಂಜಿನಿಯರುಗಳು ಆರು ಗೇರಿನಲ್ಲಿ ಮೊದಲನೆಯದನ್ನೇ ತೀರಾ ಗಿಡ್ಡ ಮಾಡಿದರು. ಸಮತಟ್ಟು ರಸ್ತೆಯಲ್ಲಿ ಎರಡನೇ ಗೇರಿನಲ್ಲೇ ಹೊರಡಬಹುದು, ಒಂದನೆಯದು ಏರಿಗೆ ಮೀಸಲು. ಕಡಿಮೆ ಖರ್ಚಿನಲ್ಲಿ ಇಷ್ಟು ಅಚ್ಚುಕಟ್ಟಾದ ಪರಿಹಾರ ನಮ್ಮ ಮಾರುಕಟ್ಟೆಯಲ್ಲಿ ಅಪರೂಪ. ಆ ಗಾಡಿ ನಿಂತುಹೋದದ್ದು ನಷ್ಟವೇ.

ಬ್ರೇಕ್ ಹಾಕಿ ಮುಂದೆ ಹೋಗುವುದು

ಮರ್ಸಿಡಿಸ್ 1997ರಲ್ಲಿ ಎಂ-ಕ್ಲಾಸ್ ತಂದಾಗ ಬೀಗವಿಲ್ಲದ ಮೂರು ಡಿಫರೆನ್ಷಿಯಲ್ ಕೊಟ್ಟಿತು. ಡಿಫರೆನ್ಷಿಯಲಿನ ಎರಡೂ ಕಡೆಯನ್ನು ಒಂದೇ ವೇಗಕ್ಕೆ ಕಟ್ಟಿಹಾಕುವ ಆ ಬೀಗದ ಕೆಲಸವನ್ನು ಬ್ರೇಕಿಗೆ ಒಪ್ಪಿಸಿತು. ಯಾವ ಚಕ್ರ ಸುಮ್ಮನೆ ತಿರುಗುತ್ತದೋ ಕಂಪ್ಯೂಟರ್ ಅದೊಂದಕ್ಕೆ ಬ್ರೇಕ್ ಹಿಡಿಯುತ್ತದೆ. ಆಗ ಆ ಚಕ್ರ ತಿರುಗಲು ಹೆಚ್ಚು ಟಾರ್ಕ್ ಬೇಕು, ಡಿಫರೆನ್ಷಿಯಲ್ ಎರಡೂ ಕಡೆ ಸಮ ಹಂಚುವುದರಿಂದ ಹಿಡಿತವಿರುವ ಚಕ್ರಕ್ಕೂ ಅಷ್ಟೇ ಹೋಗುತ್ತದೆ. ಹಿಂದಿನ ಚಕ್ರದ ಹಳೆಯ ಜೀಪು ಹೂತಾಗ ಹ್ಯಾಂಡ್‌ಬ್ರೇಕನ್ನು ಅರ್ಧ ಎಳೆದು ಗಾಡಿ ಎಬ್ಬಿಸುವ ಹಿರಿಯ ಚಾಲಕರ ಕೈಚಳಕದ ಹಿಂದೆ ಇರುವ ವಿಜ್ಞಾನವೂ ಇದೇ. ಇಂಥ ವ್ಯವಸ್ಥೆಯ ಗಾಡಿಯಲ್ಲಿ ಚಕ್ರ ತೇಲಿದಾಗ ಆಕ್ಸಿಲರೇಟರಿನಿಂದ ಕಾಲು ತೆಗೆಯಬಾರದು. ಒಂದೆರಡು ಕ್ಷಣ ಹದವಾಗಿ ಒತ್ತಿಹಿಡಿದರೆ ಕಟಕಟ ಸದ್ದು ಮಾಡುತ್ತಾ ಬ್ರೇಕ್ ತನ್ನ ಕೆಲಸ ಮಾಡಿ ಗಾಡಿ ಮೇಲೇಳುತ್ತದೆ.

ಇದಕ್ಕೆ ಪೂರ್ತಿ ಎದುರು ತುದಿಯಲ್ಲಿರುವುದು 1979ರಲ್ಲಿ ಹುಟ್ಟಿದ ಮರ್ಸಿಡಿಸ್ ಜಿ-ಕ್ಲಾಸ್. ಈಗಿನ ಜಿ-ಕ್ಲಾಸ್‌ನಲ್ಲಿ ಡ್ಯಾಶ್‌ಬೋರ್ಡಿನ ನಡುವೆ ಮೂರು ಗುಂಡಿಗಳಿವೆ, ಒಂದೊಂದು ಡಿಫರೆನ್ಷಿಯಲಿಗೆ ಒಂದೊಂದು ಬೀಗ. ಮೊದಲು ನಡುವಿನದು, ಆಮೇಲೆ ಹಿಂದಿನದು, ಕಟ್ಟಕಡೆಗೆ ಮುಂದಿನದು. ಮೂರನ್ನೂ ಹಾಕಿದರೆ ನಾಲ್ಕರಲ್ಲಿ ಒಂದು ಚಕ್ರಕ್ಕೆ ಹಿಡಿತವಿದ್ದರೂ ಅದಕ್ಕೇ ಬಲ ದಕ್ಕುತ್ತದೆ.

ಕಾಡುಗಾಡಿಯ ಈ ಬಲ ರ್‍ಯಾಲಿಗೂ ದಾಟಿತು: ನಾಲ್ಕು ಚಕ್ರದ ಬಲದ ಕಾರು ಆಡಿ ಕ್ವಾಟ್ರೊದ ಬೀಜ ಸೇನೆಯ ಗಾಡಿಯೊಂದರಲ್ಲಿತ್ತು. ಫಿನ್‌ಲೆಂಡಿನ ಹಿಮದಲ್ಲಿ ಪರೀಕ್ಷೆ ನಡೆಯುತ್ತಿದ್ದಾಗ 75 ಅಶ್ವಶಕ್ತಿಯ ಫೋಕ್ಸ್‌ವ್ಯಾಗನ್ ಇಲ್ಟಿಸ್ ತನಗಿಂತ ಬಲಶಾಲಿಯಾದ ಕಾರುಗಳನ್ನು ಹಿಂದೆ ಹಾಕಿದ್ದನ್ನು ಎಂಜಿನಿಯರ್ ಯೋರ್ಗ್ ಬೆನ್ಸಿಂಗರ್ ಗಮನಿಸಿದರು. 1980ರಲ್ಲಿ ಕ್ವಾಟ್ರೊ ಬಂತು. ಮರುವರ್ಷ ಇಟಲಿಯ ಸಾನ್‌ರೆಮೊ ರ್‍ಯಾಲಿಯನ್ನು ಅದರಲ್ಲಿ ಗೆದ್ದವರು ಫ್ರಾನ್ಸಿನ ಮಿಷೆಲ್ ಮೂಟೊನ್, ವಿಶ್ವ ರ್‍ಯಾಲಿ ಚಾಂಪಿಯನ್‌ಶಿಪ್ಪಿನ ಪಂದ್ಯವೊಂದನ್ನು ಗೆದ್ದ ಮೊದಲ ಮಹಿಳೆ.

ಶಾಫ್ಟೇ ಇಲ್ಲದ ನಾಲ್ಕು ಚಕ್ರ

ನಾಲ್ಕು ಚಕ್ರಕ್ಕೂ ಒಂದೊಂದು ಮೋಟರ್ ಎಂಬುದು ಹೊಸದೆಂದು ಭಾವಿಸಬೇಡಿ. 1900ರಲ್ಲಿ ಯುವಕ ಫರ್ಡಿನಾಂಡ್ ಪೋರ್ಷೆ, ಲೋನರ್ ಕಂಪನಿಯಲ್ಲಿದ್ದಾಗ, ಇಂಗ್ಲೆಂಡಿನ ಗಿರಾಕಿಯೊಬ್ಬರಿಗಾಗಿ ನಾಲ್ಕೂ ಚಕ್ರದ ಗುಂಬದಲ್ಲಿ ಮೋಟರ್ ಇಟ್ಟ ವಿದ್ಯುತ್ ಕಾರು ಮಾಡಿಕೊಟ್ಟರು. ಅದರ ಸೀಸದ ಬ್ಯಾಟರಿಯ ತೂಕವೇ ಸುಮಾರು 1,800 ಕಿಲೋ.

1971ರಲ್ಲಿ ಅಪೊಲೊ 15ರ ಯಾತ್ರಿಗಳು ಚಂದ್ರನ ಮೇಲೆ ಓಡಿಸಿದ ಬಂಡಿಯೂ ನಾಲ್ಕು ಚಕ್ರದ ವಿದ್ಯುತ್ ವಾಹನವೇ. ಪ್ರತಿ ಚಕ್ರಕ್ಕೆ ಕಾಲು ಅಶ್ವಶಕ್ತಿಯ ಮೋಟರ್. ಟೈರು ರಬ್ಬರಿನದಲ್ಲ, ಸತು ಲೇಪಿಸಿದ ಉಕ್ಕಿನ ತಂತಿಯ ಹೆಣಿಗೆ.

ಟೊಯೋಟಾದ ಇ-ಫೋರ್ ವ್ಯವಸ್ಥೆಯ ಹೈಬ್ರಿಡ್ ಗಾಡಿಗಳಲ್ಲಿ ಎಂಜಿನ್ನಿನಿಂದ ಹಿಂದಿನ ಚಕ್ರಕ್ಕೆ ಶಾಫ್ಟೇ ಹೋಗುವುದಿಲ್ಲ. ಹಿಂದೆ ಒಂದು ಪ್ರತ್ಯೇಕ ಮೋಟರ್, ನಡುವೆ ಇರುವುದು ತಂತಿ ಮಾತ್ರ. 2001ರ ಎಸ್ಟಿಮಾ ಹೈಬ್ರಿಡ್‌ನಿಂದಲೇ ಇದು ಚಾಲ್ತಿಯಲ್ಲಿದೆ.

ಟಾಟಾ ಹ್ಯಾರಿಯರ್ ನಿಂತಿರುವುದು ಲ್ಯಾಂಡ್ ರೋವರ್‌ನ ಅಡಿಗಟ್ಟಿನಿಂದ ಬೆಳೆಸಿದ ತಳಹದಿಯ ಮೇಲೆ. ಆದರೂ 2019ರಲ್ಲಿ ಬಂದ ಡೀಸೆಲ್ ಹ್ಯಾರಿಯರ್‌ಗೆ ಮುಂದಿನ ಚಕ್ರದ ಬಲ ಮಾತ್ರ. ಹಿಂದಿನ ಚಕ್ರಕ್ಕೂ ಬಲ ಬಂದದ್ದು 2025ರ ವಿದ್ಯುತ್ ಹ್ಯಾರಿಯರ್‌ನಲ್ಲಿ, ಎರಡನೇ ಮೋಟರ್ ರೂಪದಲ್ಲಿ. ಕ್ಲಚ್ಚಿನ ತಟ್ಟೆ ಒತ್ತುವಷ್ಟು ಹೊತ್ತೂ ಮೋಟರಿಗೆ ಬೇಡ. ಕರೆಂಟು ಹೆಚ್ಚಿಸಿದ ಕ್ಷಣವೇ ಟಾರ್ಕ್.

ಗಾಡಿ ಇಟ್ಟುಕೊಂಡವರಿಗೆ

ಎರಡು ಟೈರು ಮಾತ್ರ ಹೊಸದು ಹಾಕಿಸುವುದು ನಮ್ಮಲ್ಲಿ ಮಾಮೂಲಿ. ಸದಾ ನಾಲ್ಕು ಚಕ್ರ ದುಡಿಯುವ ಗಾಡಿಗೆ ಇದು ದುಬಾರಿ ಉಳಿತಾಯ. ಹೊಸ ಟೈರಿನ ಅಚ್ಚು 8 ಮಿಲಿಮೀಟರ್, ಸವೆದದ್ದು ಕಾನೂನಿನ ಕನಿಷ್ಠ 1.6 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಸುಮಾರು 70 ಸೆಂಟಿಮೀಟರ್ ವ್ಯಾಸದ ಚಕ್ರದಲ್ಲಿ ಸುತ್ತಳತೆ 4 ಸೆಂಟಿಮೀಟರಿನಷ್ಟು ಬೇರೆಯಾಗುತ್ತದೆ. ಕಿಲೋಮೀಟರಿಗೆ ಎಂಟು ಸುತ್ತಿನ ವ್ಯತ್ಯಾಸ. ಬೆಂಗಳೂರಿನಿಂದ ಮೈಸೂರು ಮುಟ್ಟುವಷ್ಟರಲ್ಲಿ ಸಾವಿರದ ಇನ್ನೂರು. ನೇರ ರಸ್ತೆಯಲ್ಲಿ ಹೋಗುತ್ತಿದ್ದರೂ ನಡುವಿನ ಕ್ಲಚ್ಚೋ ವಿಸ್ಕಸ್ ಕಪ್ಲಿಂಗೋ ಅಷ್ಟು ಸಲ ಉಜ್ಜಿಕೊಂಡೇ ಇರುತ್ತದೆ. ನಾಲ್ಕು ಟೈರುಗಳ ಸುತ್ತಳತೆ ಕಾಲು ಇಂಚಿಗಿಂತ ಹೆಚ್ಚು ಬೇರೆಯಾಗಬಾರದೆಂದು ಸುಬಾರು ಹೇಳುವುದು ಸುಮ್ಮನೆ ಅಲ್ಲ. ಸ್ಟೆಪ್ನಿಯನ್ನೂ ಸೇರಿಸಿ ಐದೂ ಟೈರುಗಳನ್ನು ಸರದಿಯ ಮೇಲೆ ಬದಲಾಯಿಸುತ್ತಾ ಬಂದರೆ ಈ ತೊಂದರೆ ಇಲ್ಲ.

ಕೆಟ್ಟು ನಿಂತ ಎಡಬ್ಲ್ಯುಡಿ ಗಾಡಿಯನ್ನು ಮುಂದಿನ ಚಕ್ರ ಮಾತ್ರ ಎತ್ತಿ ಎಳೆಸಬೇಡಿ. ನೆಲದ ಮೇಲಿನ ಹಿಂದಿನ ಚಕ್ರ ತಿರುಗುತ್ತಾ ಕಪ್ಲಿಂಗನ್ನು ಸುಟ್ಟುಹಾಕಬಹುದು. ಸಮತಟ್ಟು ಹಾಸಿನ ಲಾರಿಯನ್ನೇ ಕಳುಹಿಸಲು ಫೋನಿನಲ್ಲೇ ಹೇಳಿ.

ಹೊಳೆ ದಾಟಿ ಬಂದ ಮೇಲೆ ಡಿಫರೆನ್ಷಿಯಲ್ ಎಣ್ಣೆ ನೋಡಿಸುವುದು ಒಳ್ಳೆಯದು. ಓಡಿ ಕಾದ ಡಿಫರೆನ್ಷಿಯಲ್ ಫಕ್ಕನೆ ತಣ್ಣೀರಿಗಿಳಿದಾಗ ಒಳಗಿನ ಗಾಳಿ ಕುಗ್ಗಿ, ಉಸಿರುನಳಿಕೆಯಿಂದಲೋ ಸವೆದ ಸೀಲಿನ ಸಂದಿನಿಂದಲೋ ನೀರನ್ನು ಒಳಕ್ಕೆ ಹೀರುತ್ತದೆ. ಎಣ್ಣೆ ಬೆಳ್ಳಗೆ ಹಾಲುಹಾಲಾಗಿದ್ದರೆ ನೀರು ಹೊಕ್ಕಿದೆ, ಕೂಡಲೇ ಬದಲಿಸಿ. ಕಾಡುದಾರಿಯ ಹವ್ಯಾಸಿಗಳು ಈ ನಳಿಕೆಗೆ ಉದ್ದದ ರಬ್ಬರ್ ಪೈಪು ಸಿಕ್ಕಿಸಿ ಬಾನೆಟ್ಟಿನ ಎತ್ತರಕ್ಕೆ ಒಯ್ಯುತ್ತಾರೆ.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು. ನಾಲ್ಕು ಚಕ್ರದ ಬಲ ಗಾಡಿಯನ್ನು ಹೊರಡಿಸುತ್ತದೆ, ನಿಲ್ಲಿಸುವುದಿಲ್ಲ. ಸಾಮಾನ್ಯ ಸಣ್ಣ ಕಾರಿಗೂ ಬ್ರೇಕ್ ನಾಲ್ಕು ಚಕ್ರಕ್ಕೇ ಇರುವುದು. ಮಳೆಯಲ್ಲಿ ನಿಲ್ಲಲು ಬೇಕಾದ ದೂರವನ್ನು ತೀರ್ಮಾನಿಸುವುದು ಟೈರಿನ ಹಿಡಿತ, ಶಾಫ್ಟಿನ ಸಂಖ್ಯೆಯಲ್ಲ. ಈ ಯಂತ್ರಗಳು ಗಾಡಿಗೆ ಸಾಮಾನ್ಯವಾಗಿ 50ರಿಂದ 100 ಕಿಲೋ ತೂಕ ಸೇರಿಸುತ್ತವೆ, ಬ್ರೇಕಿಗೆ ಅದೂ ಹೊರೆಯೇ. ಅದಕ್ಕಿಂತ ಅಪಾಯದ್ದು ಬೇರೊಂದಿದೆ. ಎರಡು ಚಕ್ರದ ಗಾಡಿ ಹೊರಡುವಾಗಲೇ ಜಾರಿ ‘ರಸ್ತೆ ನುಣ್ಣಗಿದೆ’ ಎಂದು ಚಾಲಕರಿಗೆ ತಿಳಿಸುತ್ತದೆ. ನಾಲ್ಕು ಚಕ್ರದ ಗಾಡಿ ಸಲೀಸಾಗಿ ವೇಗ ಪಡೆಯುವುದರಿಂದ ಆ ಸೂಚನೆ ಸಿಗುವುದೇ ಇಲ್ಲ, ಮೊದಲ ಸಲ ಬ್ರೇಕ್ ತುಳಿದಾಗಲೇ ಗೊತ್ತಾಗುವುದು. ಮುಂಗಾರಿಗೆ ಮುನ್ನ ಚಾರ್ಮಾಡಿಗೋ ಶಿರಾಡಿಗೋ ಹೊರಡುವ ಎಸ್‌ಯುವಿ ಮಾಲೀಕರು ಆಕ್ಸೆಸರಿ ಅಂಗಡಿಗೆ ಹಾಕುವ ದುಡ್ಡನ್ನು ನಾಲ್ಕು ಒಳ್ಳೆಯ ಟೈರಿಗೆ ಹಾಕಲಿ. ಅಚ್ಚು 3 ಮಿಲಿಮೀಟರಿಗೆ ಇಳಿದಿದ್ದರೆ ಕಾನೂನಿನ ಮಿತಿಗೆ ಕಾಯದೆ ಬದಲಿಸಿಬಿಡಲಿ.